ಗುರುತು ಸಿಗದ ಕಾರ್ಡು ಕೆಟ್ಟ ಕಾರ್ಡಲ್ಲ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಗಣಕಯಂತ್ರದ ರೋಗನಿದಾನವನ್ನು ಕುರಿತು ಬಿ.ಎ. ತರಗತಿಯವರು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ವಿದ್ಯಾರ್ಥಿವೇತನದ ಅರ್ಜಿಯಿಂದ ಹಿಡಿದು ಅಂಕಪಟ್ಟಿಯವರೆಗೆ ಎಲ್ಲವೂ ಅಂತರಜಾಲದ ಮೂಲಕವೇ ನಡೆಯುವ ಈ ಕಾಲದಲ್ಲಿ, ಕಾಲೇಜಿನ ಯಂತ್ರವೊಂದು ಜಾಲಕ್ಕೆ ಸೇರದೆ ನಿಂತರೆ ಅದರ ಪೆಟ್ಟು ಬೀಳುವುದು ಮನೆಯಲ್ಲಿ ಯಂತ್ರವಿಲ್ಲದವರ ಮೇಲೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಫಾರಂ ತುಂಬಿಸಲು ಅಂಗಡಿಯಲ್ಲಿ ಕೊಡುವ ಹಣದ ಬೆಲೆ ನನಗೆ ಗೊತ್ತು. ಆದುದರಿಂದ ಈ ವಿಷಯ ವಿಜ್ಞಾನದವರಿಗೆ ಮಾತ್ರ ಸೇರಿದ್ದಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುತ್ತಾರೆ. ಪರದೆ ಬೆಳಗುತ್ತದೆ, ಕೀಲಿಮಣೆ ಕೆಲಸ ಮಾಡುತ್ತದೆ. ಜಾಲ ಮಾತ್ರ ಇಲ್ಲ. ಆಗ ಸಾಮಾನ್ಯವಾಗಿ ಎರಡು ತೀರ್ಪುಗಳು ಹೊರಬೀಳುತ್ತವೆ: “ಕಾರ್ಡು ಹೋಗಿದೆ, ಬೇರೆ ತನ್ನಿ” ಎಂಬುದೊಂದು, “ಲಿನಕ್ಸೇ ಸರಿಯಿಲ್ಲ, ತೆಗೆದುಬಿಡಿ” ಎಂಬುದು ಇನ್ನೊಂದು. ಎರಡೂ ವಿಚಾರಣೆಯಿಲ್ಲದ ತೀರ್ಪುಗಳು. ಕಾರ್ಡು ಕೆಡುವುದು ಬೇರೆ, ಅದರ ಗುರುತು ಸಿಗದಿರುವುದು ಬೇರೆ. ವಿದ್ಯಾರ್ಥಿ ಬೆಂಚಿನ ಮೇಲೆ ಕುಳಿತಿದ್ದಾನೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ; ಹಾಗೆಂದು ಅವನನ್ನು ದಡ್ಡನೆನ್ನಬಹುದೆ?

ಕೇಳಬೇಕಾದ ಪ್ರಶ್ನೆಗಳು ಮೂರೇ. ಮೊದಲನೆಯದು, ಕಾರ್ಡು ಯಂತ್ರದ ಕಣ್ಣಿಗೆ ಬಿದ್ದಿದೆಯೆ? ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಒಳಗಿನ ಸಾಧನಗಳ ಪಟ್ಟಿ ಕೊಡುತ್ತದೆ; ಯುಎಸ್‌ಬಿಯಲ್ಲಿ ಸಿಕ್ಕಿಸಿದ್ದಾದರೆ ‘ಎಲ್‌ಎಸ್‌ಯುಎಸ್‌ಬಿ’. ಮೊದಲಿನದಕ್ಕೆ ಒಂದು ಅಡ್ಡಗೆರೆಯೊಡನೆ ‘ಎನ್‌ಎನ್‌ಕೆ’ ಎಂದು ಸೇರಿಸಿದರೆ, ಪ್ರತಿಯೊಂದು ಸಾಧನಕ್ಕೂ ನಾಲ್ಕು ನಾಲ್ಕು ಅಕ್ಷರಗಳ ಎರಡು ಸಂಖ್ಯೆಗಳು ಕಾಣುತ್ತವೆ: ಒಂದು ತಯಾರಕರದು, ಇನ್ನೊಂದು ಮಾದರಿಯದು. ೮೦೮೬ ಎಂದರೆ ಇಂಟೆಲ್, ೧೦ಇಸಿ ಎಂದರೆ ರಿಯಲ್‌ಟೆಕ್. ಡಬ್ಬದ ಮೇಲಿನ ಹೆಸರಿಗಿಂತ ಈ ಸಂಖ್ಯೆಯೇ ನಂಬಿಕೆಗೆ ಯೋಗ್ಯ. ಪಟ್ಟಿಯಲ್ಲೇ ಇಲ್ಲವಾದರೆ ವಿದ್ಯುತ್ತನ್ನು ಕಳಚಿ, ಕಾರ್ಡನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಬೇಕು. ಬಯೋಸಿನಲ್ಲಿ ಅದನ್ನು ಮುಚ್ಚಿದೆಯೆ ಎಂದು ನೋಡಬೇಕು. ಆಮೇಲೂ ಕಾಣದಿದ್ದರೆ ಮಾತ್ರ ಕಾರ್ಡನ್ನು ಶಂಕಿಸಬಹುದು.

ಎರಡನೆಯದು, ಅದನ್ನು ನಡೆಸುವ ಡ್ರೈವರ್ ಇದೆಯೆ? ಅದೇ ಪಟ್ಟಿಯಲ್ಲಿ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ, ಯಾವ ಡ್ರೈವರೂ ಅದನ್ನು ವಹಿಸಿಕೊಂಡಿಲ್ಲವೆಂದು ತಿಳಿಯಬೇಕು. ಮೂರನೆಯದು, ಡ್ರೈವರಿಗೆ ಬೇಕಾದ ಫರ್ಮ್‌ವೇರ್ ಎಂಬ ಕಡತ ದೊರೆತಿದೆಯೆ? ‘ಡಿಎಂಇಎಸ್‌ಜಿ’ ಎಂಬ ಆಜ್ಞೆ ತೋರಿಸುವ ವರದಿಯಲ್ಲಿ ಯಂತ್ರವೇ ಇದನ್ನು ಹೇಳಿರುತ್ತದೆ. ವೈಫೈ ಕಾರ್ಡುಗಳಲ್ಲಿ ಈ ಕೊರತೆ ಮೇಲಿಂದ ಮೇಲೆ ಕಾಣುವಂಥದು. ಇದಕ್ಕಾಗಿಯೇ ಡೆಬಿಯನ್ ಬಳಗದವರು ೨೦೨೨ರಲ್ಲಿ ಮತ ಹಾಕಿ, ಮುಕ್ತವಲ್ಲದ ಫರ್ಮ್‌ವೇರನ್ನೂ ತಮ್ಮ ಅಧಿಕೃತ ಪ್ರತಿಯಲ್ಲಿ ಸೇರಿಸಲು ಒಪ್ಪಿದರು. ೨೦೨೩ರ ಹನ್ನೆರಡನೆಯ ಆವೃತ್ತಿಯಿಂದ ಅದು ಜಾರಿಗೆ ಬಂತು.

ಜಾಲವಿಲ್ಲದೆ ಡ್ರೈವರ್ ಸಿಗದು, ಡ್ರೈವರ್ ಇಲ್ಲದೆ ಜಾಲ ಸಿಗದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತಾಯಿತಲ್ಲ ಎನ್ನಬಹುದು. ಇಲ್ಲಿ ದಾರಿಯುಂಟು. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಜಾಲವನ್ನೇ ಎರವಲು ಪಡೆಯಬಹುದು. ಇಲ್ಲವೆ ಬೇರೊಂದು ಯಂತ್ರದಿಂದ ಪೆನ್‌ಡ್ರೈವಿನಲ್ಲಿ ಕಡತ ತರಬಹುದು.

ವಿದ್ಯಾರ್ಥಿಗಳು ಮುಟ್ಟಿದರೆ ಇದ್ದದ್ದೂ ಕೆಡುತ್ತದೆಂಬುದು ಹಿರಿಯರ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಮೇಲಿನ ಆಜ್ಞೆಗಳು ಓದುವಂಥವೇ ಹೊರತು ಯಾವುದನ್ನೂ ಬದಲಿಸುವಂಥವಲ್ಲ. ಓದುವ ಅಧಿಕಾರ ಎಲ್ಲರಿಗೂ ಇರಲಿ. ಪೆಟ್ಟಿಗೆ ಬಿಚ್ಚುವುದು, ಬದಲಿಸುವುದು ಅಧ್ಯಾಪಕರ ಎದುರಿನಲ್ಲಿ ಆಗಲಿ.

ಯಂತ್ರಕ್ಕೆ ಹೆದರುವ ಊರು ನಮ್ಮದಲ್ಲ. ಶಿವನಸಮುದ್ರದಿಂದ ೧೪೦ಕ್ಕೂ ಹೆಚ್ಚು ಕಿಲೋಮೀಟರು ತಂತಿ ಎಳೆದು ಈ ಚಿನ್ನದ ಗಣಿಗಳಿಗೆ ವಿದ್ಯುತ್ತು ತಂದದ್ದು ೧೯೦೨ರಲ್ಲಿ. ಬೆಂಗಳೂರಿಗೆ ಅದು ಬಂದದ್ದು ೧೯೦೫ರಲ್ಲಿ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಇಂದು ಊರಿಗಾಂ ನಿಲ್ದಾಣದಲ್ಲಿ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಹೋಗುವುದು ನಮ್ಮ ಮನೆಗಳ ನಿತ್ಯಕರ್ಮವಾಗಿದೆ. ಯಂತ್ರ ನಿಂತರೆ ಗುಜರಿಗೆ ಹಾಕುವ ಮುನ್ನ ಅದು ಎಲ್ಲಿ ನಿಂತಿದೆಯೆಂದು ಹುಡುಕುವುದು ಫಿಟ್ಟರನ ಧರ್ಮ. ಫಿಟ್ಟರುಗಳ ಮೊಮ್ಮಕ್ಕಳಾದ ನಾವು ಆ ಧರ್ಮವನ್ನು ಬಿಡಬೇಕೆ?

ನೆರೆಯ ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೆ ಆಗುವುದು ಪದವಿ ವಿದ್ಯಾರ್ಥಿಗಳಾದ ನಮಗೇಕೆ ಆಗದು?

ನಾನು ಬೇಡುವುದು ಹೊಸ ಯಂತ್ರಗಳನ್ನಲ್ಲ. ಗಣಕ ಕೊಠಡಿಯಲ್ಲಿ ಒಂದು ದಪ್ಪ ನೋಟುಪುಸ್ತಕವಿರಲಿ. ಯಂತ್ರದ ನಂಬರು, ಕಾರ್ಡಿನ ಸಂಖ್ಯೆ, ಕಂಡ ತೊಂದರೆ, ಮಾಡಿದ ಉಪಾಯ, ಬಂದ ಫಲ, ಇಷ್ಟನ್ನು ತಾರೀಖು ಹಾಕಿ ಕನ್ನಡದಲ್ಲಿ ಬರೆದಿಡೋಣ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಗೆಳೆಯರೂ ಈ ಕಾಲೇಜಿನಲ್ಲಿ ಕನ್ನಡ ಓದಬಲ್ಲರು. ನಾವು ಈ ವರ್ಷ ಹೊರಟುಹೋಗುತ್ತೇವೆ, ಪುಸ್ತಕ ಉಳಿಯುತ್ತದೆ. ಮುಂದೆ ಬರುವ ತಂಗಿಯೊಬ್ಬಳು ಅದರ ಒಂದು ಪುಟ ತೆರೆದು, ಕೊನೆಯ ದಿನದೊಳಗೆ ತನ್ನ ಅರ್ಜಿ ಸಲ್ಲಿಸಿದರೆ ಅಷ್ಟೇ ಸಾಕು.