ರೀಸ್ಟಾರ್ಟ್ ಮಾಡಿದ್ರೆ ಆಯ್ತಾ?

ಆಫೀಸಿನ ಕೆಲಸದ ಬಗ್ಗೆ ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಮೊನ್ನೆ ಗೆಳೆಯನೊಬ್ಬ ಫೋನಿನಲ್ಲಿ, "ನಮ್ಮ ಸರ್ವರ್ ದಿನಾ ರಾತ್ರಿ ಬೀಳತ್ತೆ ಮಾರಾಯ, ತಾನೇ ಎದ್ದೇಳೋ ಹಾಗೆ ಸ್ಕ್ರಿಪ್ಟ್ ಹಾಕಿದೀವಿ, ಈಗೇನೂ ಪ್ರಾಬ್ಲಮ್ ಇಲ್ಲ" ಅಂದ. ಪ್ರಾಬ್ಲಮ್ ಇಲ್ವಂತೆ! ಅದಕ್ಕೇ ಈ ಪುರಾಣ.

2021ರ ಮಳೆಗಾಲ. ವರ್ಕ್ ಫ್ರಮ್ ಹೋಮ್ ನೆಪದಲ್ಲಿ ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿದ್ದೆ. ಆಗ ನಾನಿದ್ದ ಕಂಪನಿಯ ಸರ್ವರ್ ಕೂಡ ರಾತ್ರಿ ಎರಡರ ಸುಮಾರಿಗೆ ಬೀಳುತ್ತಿತ್ತು. ಅಲ್ಲೂ ಅಂಥದೇ ಸ್ಕ್ರಿಪ್ಟು. ಲಾಗಿನ ಕೊನೆಯ ಸಾಲು ಮಾತ್ರ ಪ್ರತಿಸಲ ಹೊಸದಾಗಿ ಸೇರಿದ್ದ ಹುಡುಗನ ಫಂಕ್ಷನ್ನಿನದು. ಅವನೇ ಕಾರಣ ಅಂತ ಮೇಲ್‌ಗಳು ಓಡಾಡಿದವು. ನಾನೂ "ಹೌದು, ಅಲ್ಲೇ ಇರಬೇಕು" ಅಂದಿದ್ದೆ. ಅವನ ಪ್ರೊಬೇಷನ್ ಮುಗಿಯಲು ಎರಡೇ ವಾರ ಇತ್ತು.

ಪ್ರೋಗ್ರಾಂ ಬಿದ್ದ ಕ್ಷಣ ಮೆಮೊರಿಯಲ್ಲಿ ಏನಿತ್ತೋ ಅದನ್ನು ಲಿನಕ್ಸ್ ಒಂದು ಫೈಲಿಗೆ ಬರೆದಿಡಬಲ್ಲದು. ಕೋರ್ ಡಂಪ್ ಅಂತಾರೆ, ಒಂಥರಾ ಸ್ಥಳ ಮಹಜರು. ನಮ್ಮಲ್ಲಿ ಅದರ ಮಿತಿ ಸೊನ್ನೆ ಇತ್ತು, ಅಂದರೆ ಬರೆಯಲೇಬೇಡ ಅಂತ. ಅದನ್ನು ತೆಗೆಸಿದೆ. ಮಾರನೇ ರಾತ್ರಿ 6 ಜಿಬಿ ಫೈಲು ಸಿಕ್ಕಿತು. ನಮ್ಮೂರಿನ ನೆಟ್‌ನಲ್ಲಿ, ಅದೂ ಜುಲೈನಲ್ಲಿ, ಅದನ್ನು ಇಳಿಸಿಕೊಳ್ಳೋದು ಕನಸು. ಆದರೆ ಜಿಡಿಬಿ ಅನ್ನೋ ಡೀಬಗರ್ ತೋರಿಸೋದೆಲ್ಲ ಬರೀ ಅಕ್ಷರ. ಸರ್ವರ್‌ನಲ್ಲೇ 'ಸ್ಕ್ರೀನ್' ಒಳಗೆ ಅದನ್ನು ತೆರೆದೆ. ಕರೆಂಟು ಹೋದರೂ, ಬಂದಮೇಲೆ ಬಿಟ್ಟಲ್ಲಿಂದಲೇ ಶುರು.

ಬ್ಯಾಕ್‌ಟ್ರೇಸ್‌ನಲ್ಲಿ ಮೇಲ್ಗಡೆ ಆ ಹುಡುಗನ ಫಂಕ್ಷನ್ನೇ! ಅಲ್ಲಿಗೇ ನಿಲ್ಲಿಸಿದ್ದರೆ ಅವನ ಕಥೆ ಮುಗಿದಿತ್ತು. ಅವನು ಬಳಸಿದ ಪಾಯಿಂಟರಿನ ಬೈಟ್‌ಗಳನ್ನು ನೋಡಿದೆ. ಮೆಮೊರಿ ವಿಳಾಸ ಇರಬೇಕಾದ ಕಡೆ 75, 73, 65, 72... ಹೆಕ್ಸ್‌ನಲ್ಲಿ ಇವು ಇಂಗ್ಲಿಷ್ ಅಕ್ಷರಗಳು. ಓದಿದರೆ 'ಯೂಸರ್'! ಯಾರೋ ತಮ್ಮ ಜಾಗ ಮೀರಿ ಪಕ್ಕದವರ ಜಾಗದಲ್ಲಿ ಗೀಚಿ ಹೋಗಿದ್ದಾರೆ. ಪಾಪ, ಹುಡುಗನ ಕೋಡು ಅದನ್ನೇ ವಿಳಾಸ ಅಂತ ನಂಬಿ ಹೋಗಿ ಬಿದ್ದಿದೆ.

ಕಾಫಿ ತೋಟ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಅರೇಬಿಕಾಕ್ಕೆ ಬೋರರ್ ಹೊಡೆದಾಗ ಹಳದಿಯಾಗೋದು ಎಲೆ, ಹುಳ ಇರೋದು ಕಾಂಡದೊಳಗೆ. ಅದು ಹೊಕ್ಕು ತಿಂಗಳುಗಳೇ ಆಗಿರುತ್ತವೆ. ಅಪ್ಪ ಕಾಂಡ ಸೀಳಿ ಸುರಂಗ ತೋರಿಸುತ್ತಿದ್ದರು.

ಟೆಸ್ಟ್ ಮೆಷಿನ್‌ನಲ್ಲಿ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಆ ರಾತ್ರಿಯ ಡೇಟಾ ಓಡಿಸಿದೆ. ಗಡಿ ದಾಟಿದ ಸಾಲಿನಲ್ಲೇ ನಿಂತಿತು. ಮೂರು ವರ್ಷ ಹಿಂದಿನ ಕೋಡು. ಬರೆದವನು ನಾನೇ. 64 ಅಕ್ಷರಕ್ಕೆ ಜಾಗ ಇಟ್ಟಿದ್ದೆ, ರಾತ್ರಿ ಬರುವ ಫೈಲಿನ ಸಾಲುಗಳು ಅದಕ್ಕಿಂತ ಉದ್ದ. ಹುಡುಗನ ಹೆಸರಿದ್ದ ಆ ಮೇಲ್‌ಗೇ, ಎಲ್ಲರಿಗೂ ಹೋಗುವಂತೆ, ಉತ್ತರ ಬರೆದೆ. ಬರೆಯಲು ಅರ್ಧ ದಿನ ಹಿಡಿಯಿತು ಅನ್ನೋದು ಬೇರೆ ಮಾತು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದು, ಬೆಂಗಳೂರು ಏರ್‌ಪೋರ್ಟಿನಲ್ಲೂ ಚೆಕ್-ಇನ್ ಕೈಯಲ್ಲೇ ಮಾಡಬೇಕಾಯಿತಲ್ಲ, ಅಲ್ಲೂ ಮೂಲ ಇಂಥದ್ದೇ. 20 ಬೆಲೆಗಳಿದ್ದ ಕಡೆ ಇಲ್ಲದ 21ನೆಯದನ್ನು ಓದಲು ಹೋಗಿತ್ತು. ಅಲ್ಲಿ ರೀಸ್ಟಾರ್ಟ್ ಮಾಡಿದರೆ ಮತ್ತೆ ಬೀಳುತ್ತಿತ್ತು, ಹಾಗಾಗಿ ಎಲ್ಲರೂ ಒಳಗೆ ನೋಡಲೇಬೇಕಾಯಿತು. ನಮ್ಮದು ಎದ್ದು ನಿಲ್ಲುತ್ತಿತ್ತು, ಅದೇ ಅಪಾಯ.

ಸರ್ವರನ್ನು ಎಬ್ಬಿಸಬೇಡಿ ಅನ್ನುತ್ತಿಲ್ಲ, ಗಿರಾಕಿಗಳು ಕಾಯುತ್ತಿರುತ್ತಾರೆ. ಆದರೆ ಮೊದಲು ಡಂಪ್ ಎತ್ತಿಡಿ (ಪಾಸ್‌ವರ್ಡ್‌ಗಳೂ ಅದರಲ್ಲಿರಬಹುದು, ಜೋಪಾನ). ಇದನ್ನೋದುವ ಸರ್ವರ್ ಮಂದಿ ನಿಮ್ಮಲ್ಲಿ ಕೋರ್ ಮಿತಿ ಎಷ್ಟಿದೆ ಅಂತ ಇವತ್ತೇ ನೋಡಿ. ಸೊನ್ನೆ ಇದ್ದರೆ, ಇಟ್ಟವರು ಯಾರು ಅಂತ ಆಮೇಲೆ ಜಗಳ ಆಡಿಕೊಳ್ಳಿ.