ಸಂಗೀತ ತಾಣದ ಖಾತೆ ಯಾರ ಹೆಸರಿನಲ್ಲಿದೆ?

ಸರ್ಕಾರದ ಡಿಜಿಟಲ್ ಜಾಹೀರಾತಿನಲ್ಲಿ ಸಂಗೀತದ ಸ್ವತಂತ್ರ ತಾಣಗಳಿಗೂ ಪಾಲು ಕೊಡಿ ಎಂದು ಕಳೆದ ವಾರ ಇದೇ ಪುಟದಲ್ಲಿ ಅಂಕಣಕಾರರೊಬ್ಬರು ಕೇಳಿದ್ದಾರೆ. ಕಛೇರಿಗಳ ವಿಮರ್ಶೆ ಬರೆಯುವ, ಸಿನಿಮಾದ ಹೊರಗೆ ಹಾಡು ಕಟ್ಟುವವರನ್ನು ಹುಡುಕಿ ಮಾತನಾಡಿಸುವ ಪುಟ್ಟ ತಾಣಗಳು ಎರಡು ಮೂರು ವರ್ಷಕ್ಕೆ ಬಾಗಿಲು ಹಾಕುತ್ತಿವೆ, ಅವಕ್ಕೆ ‘ತಾಳಿಕೆಯ ಶಕ್ತಿ’ ತುಂಬಬೇಕು ಎಂಬುದು ಅವರ ಕಳಕಳಿ. ರೋಗ ಇರುವುದು ನಿಜ. ಅವರು ಬರೆದುಕೊಟ್ಟ ಔಷಧ ಕುಡಿದರೆ ಮಾತ್ರ ರೋಗಿ ಇನ್ನೂ ಬೇಗ ಸಾಯುತ್ತಾನೆ.

ಕೇಂದ್ರದ 2023ರ ಡಿಜಿಟಲ್ ಜಾಹೀರಾತು ನೀತಿ ದರವನ್ನು ಚಂದಾದಾರರ ಮತ್ತು ವೀಕ್ಷಕರ ಸಂಖ್ಯೆಗೆ ಗಂಟು ಹಾಕಿದೆ. ಉತ್ತರ ಪ್ರದೇಶವಂತೂ 2024ರ ಆಗಸ್ಟ್‌ನಲ್ಲಿ, ಸರ್ಕಾರಿ ಯೋಜನೆಗಳನ್ನು ಪ್ರಚಾರ ಮಾಡುವ ಯೂಟ್ಯೂಬರ್‌ಗಳಿಗೆ ತಿಂಗಳಿಗೆ 8 ಲಕ್ಷ ರೂಪಾಯಿವರೆಗೆ ಕೊಡುವುದಾಗಿ ಸಾರಿತು. ಅದೇ ವರ್ಷ ಕರ್ನಾಟಕವೂ ತನ್ನ ಮಾರ್ಗಸೂಚಿ ತಂದಿತು. ಇಲ್ಲೆಲ್ಲ ಬಿಕರಿಯಾಗುವುದು ತಲೆಎಣಿಕೆ. ಮಲ್ಲೇಶ್ವರದ ಒಂದು ಸಂಜೆಯ ತೋಡಿ ಆಲಾಪನೆಯ ಬಗ್ಗೆ ಎಂಟುನೂರು ಪದ ಬರೆಯುವವನ ತಕ್ಕಡಿ ಅಲ್ಲಿ ಕೆಳಗಿಳಿಯುವುದೇ ಇಲ್ಲ. ಸಣ್ಣವರಿಗಾಗಿ ಮಿತಿ ಇಳಿಸಿ ಎನ್ನುತ್ತಾರೆ ನಮ್ಮ ಅಂಕಣಕಾರರು. ಇಳಿಸಿದರು ಎನ್ನಿ. ಮೈಸೂರು ದಸರೆಯ ವೇದಿಕೆಗೆ ಕಲಾವಿದರನ್ನು ಆರಿಸಿದ ಬಗೆಯನ್ನು ಆ ತಾಣ ಅಕ್ಟೋಬರ್‌ನಲ್ಲಿ ಪ್ರಶ್ನಿಸುತ್ತದೆಯೇ, ಬಿಲ್ಲು ಪಾಸಾಗುವುದು ನವೆಂಬರ್‌ನಲ್ಲಿ ಎಂದು ಗೊತ್ತಿದ್ದೂ?

ಓದುಗರ ಸಂಖ್ಯೆಯೇ ತಾಳಿಕೆ ಎನ್ನುವುದಾದರೆ ಪಿಚ್‌ಫೋರ್ಕ್ ಇವತ್ತು ಬಂಡೆಯಂತೆ ನಿಂತಿರಬೇಕಿತ್ತು. 1996ರಲ್ಲಿ ಮಿನಿಯಾಪೊಲಿಸ್‌ನ ಹುಡುಗನೊಬ್ಬ ಶುರುಮಾಡಿದ ತಾಣ, ತನ್ನ ದಶಮಾಂಶದ ಅಂಕಗಳಿಂದಲೇ ಬ್ಯಾಂಡುಗಳ ಹಣೆಬರಹ ಬರೆಯುವಷ್ಟು ಬೆಳೆಯಿತು. 2015ರ ಅಕ್ಟೋಬರ್‌ನಲ್ಲಿ ಕಾಂಡೆ ನಾಸ್ಟ್ ಅದನ್ನು ಕೊಂಡಿತು. 2024ರ ಜನವರಿಯಲ್ಲಿ ಅದೇ ಕಂಪನಿ ಅದನ್ನು ಜಿಕ್ಯೂ ಎಂಬ ಗಂಡಸರ ಫ್ಯಾಷನ್ ಪತ್ರಿಕೆಯ ಮಡಿಲಿಗೆ ಹಾಕಿ ಹಲವರನ್ನು ಮನೆಗೆ ಕಳಿಸಿತು. ಕಲಾವಿದರು ನೇರವಾಗಿ ಹಾಡು ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನ ಕಥೆ ಇನ್ನೂ ಚಿಕ್ಕದು: 2022ರಲ್ಲಿ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್‌ಗೆ ಮಾರಿತು, ಮಾರಾಟದ ಜೊತೆಗೇ ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಎರಡಕ್ಕೂ ಓದುಗರೋ ಕೇಳುಗರೋ ಇದ್ದರು, ಹೆಸರು ಇತ್ತು. ಖಾತೆ ಮಾತ್ರ ಕೆಲಸ ಮಾಡುವವರ ಹೆಸರಿನಲ್ಲಿ ಇರಲಿಲ್ಲ.

ಇಲ್ಲಿ ಎಲ್ಲರೂ ಮರೆಯುವ ಒಂದು ವರ್ಷವನ್ನು ನೆನಪಿಸಬೇಕು. 2000. ಆ ವರ್ಷ ಎರಡು ಪತ್ರಿಕೆಗಳ ಬದುಕು ತಿರುವು ತೆಗೆದುಕೊಂಡಿತು, ಒಂದು ಬೆಂಗಳೂರಿನಲ್ಲಿ, ಇನ್ನೊಂದು ಲಂಡನ್ನಿನಲ್ಲಿ.

ಬೆಂಗಳೂರಿನದು ಸಂಗೀತದ ಪತ್ರಿಕೆಯಲ್ಲ. ಆದರೆ ಕನ್ನಡದಲ್ಲಿ ‘ಸ್ವತಂತ್ರ’ ಎಂಬ ಮಾತಿಗೆ ಅದಕ್ಕಿಂತ ಗಟ್ಟಿ ಉದಾಹರಣೆ ನನಗೆ ಸಿಗುವುದಿಲ್ಲ. ಪಿ. ಲಂಕೇಶ್ 1980ರ ಜುಲೈನಲ್ಲಿ ಹೊರತಂದ ‘ಲಂಕೇಶ್ ಪತ್ರಿಕೆ’ ಜಾಹೀರಾತು ತೆಗೆದುಕೊಳ್ಳಲಿಲ್ಲ. ಸುಮಾರು ಇಪ್ಪತ್ತು ವರ್ಷ ಓದುಗರು ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯ ಮೇಲೆ ಅದು ನಡೆಯಿತು. ಯಾವ ಸರ್ಕಾರದ ಮುಲಾಜೂ ಇರಲಿಲ್ಲ, ಯಾವ ಸಾಬೂನು ಕಂಪನಿಯ ಹಂಗೂ ಇರಲಿಲ್ಲ. ಓದುಗರ ದುಡ್ಡಿನಿಂದ ಪತ್ರಿಕೆ ನಡೆಯುವುದಿಲ್ಲ ಎಂದು ಇವತ್ತು ತಲೆ ಅಲ್ಲಾಡಿಸುವವರಲ್ಲಿ ಎಷ್ಟೋ ಮಂದಿ ಅದೇ ಪತ್ರಿಕೆಯನ್ನು ಕಾದು ಕೊಂಡು ಓದಿ ದೊಡ್ಡವರಾದವರು. ಈ ಮರೆವು ನನಗೆ ಸೋಜಿಗ. 2000ದ ಜನವರಿಯಲ್ಲಿ ಲಂಕೇಶ್ ತೀರಿಕೊಂಡರು. ಪತ್ರಿಕೆ ಮಕ್ಕಳ ಕೈಗೆ ಬಂತು. ಐದು ವರ್ಷದಲ್ಲಿ ಗೌರಿ ಬೇರೆಯಾಗಿ ತಮ್ಮದೇ ವಾರಪತ್ರಿಕೆ ಆರಂಭಿಸಿದರು. ದುಡ್ಡಿನ ಪ್ರಶ್ನೆಯನ್ನು ಇಪ್ಪತ್ತು ವರ್ಷ ಹಿಂದೆಯೇ ಗೆದ್ದ ಪತ್ರಿಕೆಗೆ ಎದುರಾದದ್ದು ಬೇರೆಯೇ ಪ್ರಶ್ನೆ: ಸಂಪಾದಕ ಹೋದ ಮರುದಿನ ಇದು ಯಾರದು?

ಲಂಡನ್ನಿನ ‘ದಿ ವೈರ್’ ಅದೇ ವರ್ಷ ಆ ಪ್ರಶ್ನೆಗೆ ಉತ್ತರ ಬರೆದುಕೊಂಡಿತು. 1982ರಲ್ಲಿ ಜಾಝ್ ಪತ್ರಿಕೆಯಾಗಿ ಹುಟ್ಟಿದ ಅದು (ಹೆಸರು ಸ್ಟೀವ್ ಲೇಸಿಯ ಒಂದು ರಚನೆಯದು), ಎರಡು ವರ್ಷದಲ್ಲಿ ನಯೀಂ ಅತ್ತಲ್ಲಾ ಎಂಬ ಪ್ರಕಾಶಕರ ಕೈಗೆ ಹೋಯಿತು. ಆತ ಉದಾರಿ, ಪತ್ರಿಕೆಯ ಒಳಗೆ ಕೈ ಹಾಕದ ಮಾಲೀಕ ಎನ್ನುತ್ತಾರೆ. ಆದರೂ ಉದಾರಿಯ ಮನಸ್ಸೂ ಒಂದು ದಿನ ಬದಲಾಗಬಹುದು, ಅಥವಾ ಅವನ ಜೇಬು. 2000ದ ಕೊನೆಯಲ್ಲಿ ಆಗ ಕೆಲಸದಲ್ಲಿದ್ದ ಸಿಬ್ಬಂದಿಯೇ ಸೇರಿ ಪತ್ರಿಕೆಯನ್ನು ಕೊಂಡುಕೊಂಡರು. ಆಮೇಲೆ ಏನೇನಾಯಿತು ನೋಡಿ. ಸೀಡಿ ಸತ್ತಿತು. ಅಲ್ಲಿನದೇ ಸಂಗೀತ ಪತ್ರಿಕೆ ಎನ್‌ಎಂಇ 2015ರಲ್ಲಿ ಪುಕ್ಕಟೆ ಹಂಚಿಕೆಗೆ ಇಳಿದು 2018ರಲ್ಲಿ ಮುದ್ರಣ ನಿಲ್ಲಿಸಿತು. ‘ಕ್ಯೂ’ 2020ರ ಕೋವಿಡ್ ಬೇಸಿಗೆಯಲ್ಲಿ ಮುಚ್ಚಿತು. ಅವುಗಳ ಪ್ರಸಾರದ ಮುಂದೆ ‘ದಿ ವೈರ್’ನದು ಏನೂ ಅಲ್ಲ. ಕಿವಿಗೆ ಒರಟಾದ, ಬಹುಪಾಲು ಜನ ಹೆಸರೂ ಕೇಳದ ಸಂಗೀತಗಾರರ ಬಗ್ಗೆ ಬರೆಯುವ ಆ ಪತ್ರಿಕೆ ಈಗಲೂ ತಿಂಗಳು ತಿಂಗಳು ಕಾಗದದ ಮೇಲೆ ಬರುತ್ತಿದೆ. ದೊಡ್ಡ ಸೈನ್ಯಗಳು ಕರಗಿದ ಬಯಲಿನಲ್ಲಿ ಆ ಸಣ್ಣ ಗುಂಪು ಹೇಗೆ ಉಳಿಯಿತು ಎಂದು ಕೇಳುವ ವ್ಯವಧಾನ ನಮ್ಮ ನೀತಿ ನಿರೂಪಕರಿಗಿಲ್ಲ. ಮಾರಿಬಿಡುವ ಅಧಿಕಾರವೂ ಬರೆಯುವವರ ಕೈಯಲ್ಲೇ ಇತ್ತು, ಅವರು ಮಾರಲಿಲ್ಲ. ನನಗೆ ಕಾಣುವುದು ಇಷ್ಟೇ.

ಪಿಚ್‌ಫೋರ್ಕ್‌ನಿಂದ ಹೊರಬಿದ್ದ ಐವರಿಗೆ ಇದು ಅರ್ಥವಾಗಿದೆ. ಅವರು 2024ರಲ್ಲಿ ‘ಹಿಯರಿಂಗ್ ಥಿಂಗ್ಸ್’ ತೆರೆದಾಗ ಮೊದಲು ಹೇಳಿಕೊಂಡದ್ದೇ ಇದರ ಒಡೆಯರು ನಾವೇ ಎಂದು.

ನಮ್ಮಲ್ಲಿ ಸಂಗೀತ ಪತ್ರಿಕೆಗಳು ನಿಂತದ್ದು ಬಹುಮಟ್ಟಿಗೆ ಒಬ್ಬರ ಬೆನ್ನಿನ ಮೇಲೆ. ಎನ್. ಪಟ್ಟಾಭಿರಾಮನ್ 1983ರಲ್ಲಿ ಚೆನ್ನೈನಲ್ಲಿ ‘ಶ್ರುತಿ’ ಶುರುಮಾಡಿದರು. ಅವರ ನಂತರ ಅದಕ್ಕೆ ಉದ್ಯಮ ಸಮೂಹವೊಂದರ ಆಸರೆ ಬೇಕಾಯಿತು. ಅಮಿತ್ ಸೈಗಲ್ 1993ರಲ್ಲಿ ಅಲಹಾಬಾದಿನಿಂದ ‘ರಾಕ್ ಸ್ಟ್ರೀಟ್ ಜರ್ನಲ್’ ತಂದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಶಿಲ್ಲಾಂಗಿನ ಬ್ಯಾಂಡಿನ ಸುದ್ದಿ ಬೆಂಗಳೂರಿನ ಹುಡುಗರಿಗೆ ತಲುಪಿದ್ದು ಅಂಥ ಪುಟಗಳಿಂದ. 2012ರ ಜನವರಿಯಲ್ಲಿ ಅವರು ಗೋವಾದಲ್ಲಿ ತೀರಿಕೊಂಡಾಗ ದೇಶದ ರಾಕ್ ವಲಯ ಅನಾಥವಾದಂತೆ ಅತ್ತಿತು. ಇಡೀ ವಲಯ ಒಬ್ಬ ಮನುಷ್ಯನ ಸಾವಿಗೆ ಅನಾಥವಾಗುವುದು ಆ ಮನುಷ್ಯನ ದೊಡ್ಡತನ, ನಿಜ. ವ್ಯವಸ್ಥೆಯ ಬಡತನವೂ ಹೌದು.

ಸಂಸ್ಥಾಪಕರು ದಣಿಯದಂತೆ ನೋಡಿಕೊಳ್ಳಬೇಕು, ಮಾನಸಿಕವಾಗಿ ಗಟ್ಟಿಯಾಗಬೇಕು ಎಂಬ ಉಪದೇಶವೂ ಕಳೆದ ವಾರದ ಆ ಅಂಕಣದಲ್ಲಿತ್ತು. ಬರೆಯುವುದು, ತಿದ್ದುವುದು, ರೀಲ್ಸ್ ಕತ್ತರಿಸುವುದು, ಬಾಕಿ ಬಿಲ್ಲಿಗೆ ಫೋನ್ ಮಾಡುವುದು, ಎಲ್ಲವನ್ನೂ ಒಬ್ಬನೇ ಮಾಡುವವನಿಗೆ ಧ್ಯಾನ ಹೇಳಿಕೊಡುವುದು ಬತ್ತಿದ ಕೆರೆಯ ಮೀನಿಗೆ ಈಜು ಕಲಿಸಿದ ಹಾಗೆ.

ಲೆಕ್ಕಕ್ಕೆ ಬರೋಣ. ಮೂವರು ಸೇರಿ ನಡೆಸುವ ಪುಟ್ಟ ತಾಣಕ್ಕೆ ವರ್ಷಕ್ಕೆ 1,200 ರೂಪಾಯಿ ಕೊಡುವ 1,500 ಜನ ಬೇಕು. ಒಟ್ಟು 18 ಲಕ್ಷ. ಮೂವರಿಗೆ ತಿಂಗಳಿಗೆ 35,000ದಂತೆ ಸಂಬಳ ಕೊಟ್ಟರೆ ವರ್ಷಕ್ಕೆ 12.6 ಲಕ್ಷ ಹೋಯಿತು. ಉಳಿದ 5.4 ಲಕ್ಷದಲ್ಲಿ, ಅಂದರೆ ತಿಂಗಳಿಗೆ 45,000ದಲ್ಲಿ, ಹೊರಗಿನ ಬರಹಗಾರರ ಸಂಭಾವನೆ, ಓಡಾಟ, ಧ್ವನಿಮುದ್ರಣ, ಸರ್ವರ್, ಲೆಕ್ಕಿಗರ ಫೀಸು. ಶ್ರೀಮಂತಿಕೆ ಇಲ್ಲ, ಉಪವಾಸವೂ ಇಲ್ಲ. 1,500 ಜನ ಎಂದರೆ ಚೌಡಯ್ಯ ಸ್ಮಾರಕ ಭವನ ಒಮ್ಮೆ ಭರ್ತಿಯಾಗಿ ಹೊರಗೆ ಇನ್ನೊಂದಷ್ಟು ಜನ ನಿಂತ ಹಾಗೆ. ರಾಮನವಮಿಯಲ್ಲಿ ಕೋಟೆ ಹೈಸ್ಕೂಲು ಮೈದಾನ ತುಂಬಿಸುವ, ಸ್ವರಾತ್ಮ, ರಘು ದೀಕ್ಷಿತ್ ಎಂದರೆ ಟಿಕೆಟ್ ತೆಗೆಯುವ ಊರಿಗೆ, ಹೊರನಾಡಿನ ಕನ್ನಡಿಗರನ್ನೂ ಸೇರಿಸಿಕೊಂಡರೆ, ಇದು ಹಗಲುಗನಸಲ್ಲ. ಕಷ್ಟ ಇರುವುದು ಎರಡನೆಯ ವರ್ಷದಲ್ಲಿ. ಮೂವರಲ್ಲಿ ಒಬ್ಬರು ನವೀಕರಿಸದಿದ್ದರೆ ಪ್ರತಿ ವರ್ಷ 500 ಹೊಸಬರನ್ನು ಹುಡುಕಬೇಕು. ಲಂಡನ್ನಿನ ‘ದಿ ಕ್ವಾಯೆಟಸ್’ 2020ರಲ್ಲಿ ಈ ಗೋಡೆಗೆ ಮುಖ ಮಾಡಿದಾಗ, ಹೆಚ್ಚು ಕೊಡುವ ಚಂದಾದಾರರಿಗೆಂದೇ ಹೊಸ ಸಂಗೀತ ಮಾಡಿಸಿ ಕೊಡತೊಡಗಿತು. ಯಾರಿಗೂ ಸಿಗದ ಹಾಡು ನಿಮಗೆ, ಎಂಬ ಹಳೆಯ ಆಮಿಷ. ನಮ್ಮವರೂ ಒಂದು ಖಾಸಗಿ ಬೈಠಕ್ಕನ್ನು ಧ್ವನಿಮುದ್ರಿಸಿ ಕೊಡಬಹುದು.

ಯೂಟ್ಯೂಬ್ ಇದೆಯಲ್ಲ ಎನ್ನುವವರು ಸಂಗೀತದ ಬಗ್ಗೆ ಒಂದು ವಿಡಿಯೊ ಮಾಡಿ ನೋಡಲಿ. ಜಾಹೀರಾತಿನ ಆದಾಯದಲ್ಲಿ ಶೇ 55 ಮಾಡಿದವರಿಗೆ ಎಂಬುದು ಸಿನಿಮಾ ಗಾಸಿಪ್ ಹೇಳುವವನಿಗೆ ನಿಜ. ಹಾಡಿನ ವಿಮರ್ಶೆ ಮಾಡುವವನು ಇಪ್ಪತ್ತು ಸೆಕೆಂಡ್ ಹಾಡು ಕೇಳಿಸಿದರೆ ಸಾಕು, ಕಂಟೆಂಟ್ ಐಡಿ ಎಂಬ ಯಂತ್ರ ಪತ್ತೆಹಚ್ಚಿ ಇಡೀ ವಿಡಿಯೊದ ಆದಾಯವನ್ನು ಆಡಿಯೊ ಕಂಪನಿಯ ಕಡೆಗೆ ತಿರುಗಿಸಬಲ್ಲದು. ವಿಮರ್ಶೆಗಾಗಿ ಬಳಸುವುದು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಡಿ ನ್ಯಾಯವೇ. ಯಂತ್ರಕ್ಕೆ ಸೆಕ್ಷನ್ ಓದಲು ಬರುವುದಿಲ್ಲ.

ಸರ್ಕಾರಕ್ಕೆ ನಿಜವಾಗಿಯೂ ಕನಿಕರವಿದ್ದರೆ ಜಾಹೀರಾತು ಇಟ್ಟುಕೊಳ್ಳಲಿ, ಜಿಎಸ್‌ಟಿ ಮಂಡಳಿಯಲ್ಲಿ ಒಂದು ಮಾತನಾಡಲಿ. ಕಾಗದದ ಮೇಲೆ ಅಚ್ಚಾದ ನಿಯತಕಾಲಿಕಕ್ಕೆ ತೆರಿಗೆ ಶೂನ್ಯ, ಅದೇ ಅಕ್ಷರ ಮೊಬೈಲಿನಲ್ಲಿ ಚಂದಾಗೆ ಬಂದರೆ ಶೇ 18. ವಹಿವಾಟು 20 ಲಕ್ಷ ದಾಟದವರೆಗೆ ಈ ಬಿಸಿ ತಟ್ಟುವುದಿಲ್ಲ. ಅಂದರೆ ನನ್ನ ಲೆಕ್ಕದ ತಾಣ ಇನ್ನೂರು ಚಂದಾದಾರರನ್ನು ಹೆಚ್ಚು ಪಡೆದ ದಿನವೇ ದಂಡ ಕಟ್ಟತೊಡಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮ ಇನ್ನೊಂದು. 2021ರ ಅಕ್ಟೋಬರ್‌ನಿಂದ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಹೋಗಲೇಬೇಕು. ಗ್ರಾಹಕರ ದೃಷ್ಟಿಯಿಂದ ಒಳ್ಳೆಯ ನಿಯಮ, ನಾನೂ ಗ್ರಾಹಕನೇ. ಸಣ್ಣ ತಾಣಕ್ಕೆ ಮಾತ್ರ ಅದು ವರ್ಷವರ್ಷವೂ ಬರುವ ಚುನಾವಣೆ.

ಸಿಬ್ಬಂದಿಯೇ ಒಡೆಯರಾಗುವುದು ಲಂಡನ್ನಿನ ಶೋಕಿ ಎಂದು ಯಾರಾದರೂ ಮೂಗು ಮುರಿದರೆ, ಅವರು ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್‌ನಲ್ಲಿ ಒಂದು ಕಾಫಿ ಕುಡಿದು ಬರಲಿ. ಕಾಫಿ ಮಂಡಳಿ ತನ್ನ ಹೋಟೆಲುಗಳನ್ನು ಮುಚ್ಚಲು ಹೊರಟಾಗ ಕೆಲಸ ಹೋಗಲಿದ್ದ ಮಾಣಿಗಳು, ಅಡುಗೆಯವರು ಸೇರಿ ಕಟ್ಟಿದ ಸಹಕಾರ ಸಂಘಗಳಲ್ಲಿ ಮೊದಲನೆಯದು ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ, 1957ರ ಆಗಸ್ಟ್‌ನಲ್ಲಿ. ಬಾಡಿಗೆಯ ಜಗಳದಲ್ಲಿ ಎಂ.ಜಿ. ರಸ್ತೆ ಬಿಟ್ಟು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದರೂ ಸಂಘ ಮುಳುಗಲಿಲ್ಲ. ಮಾಣಿಗಳು ಮಾಡಿದ್ದನ್ನು ವಿಮರ್ಶಕರು ಮಾಡಲಾರರೇ? ಅಹಂಕಾರ ಸ್ವಲ್ಪ ಅಡ್ಡ ಬರಬಹುದು, ಅದನ್ನು ಒಪ್ಪುತ್ತೇನೆ.

ನನ್ನ ಗೆಳೆಯನೊಬ್ಬ ನಾಲ್ಕು ವರ್ಷ ಇಂಥದೊಂದು ತಾಣ ನಡೆಸಿದ. ನಾನೂ ಅದಕ್ಕೆ ಬರೆದಿದ್ದೇನೆ, ಒಮ್ಮೆಯಂತೂ ಜಾಹೀರಾತು ಕೊಟ್ಟ ಉತ್ಸವದ ಬಗ್ಗೆ ಕಟುವಾಗಿ ಬರೆದು ಅವನ ಮೂರು ತಿಂಗಳ ಆದಾಯ ಕಳೆದಿದ್ದೇನೆ. ಅದನ್ನೂ ಅವನು ತಾಳಿಕೊಂಡ. ಮುಗಿಸಿದ್ದು ಕಾಮಾಲೆ. ಎರಡು ತಿಂಗಳು ಹಾಸಿಗೆ ಹಿಡಿದ; ಡೊಮೇನ್, ಬ್ಯಾಂಕ್ ಖಾತೆ, ವಿಡಿಯೊ ಚಾನೆಲ್, ಎಲ್ಲದರ ಗುಟ್ಟೂ ಅವನೊಬ್ಬನಿಗೇ ಗೊತ್ತು. ಬರೆಯಲು ನಾವು ಐದಾರು ಜನ ಸಿದ್ಧರಿದ್ದೆವು, ಬಾಗಿಲ ಕೀ ಇರಲಿಲ್ಲ. ಅವನು ಎದ್ದು ಕೂರುವಷ್ಟರಲ್ಲಿ ಡೊಮೇನ್ ಕೈಬಿಟ್ಟು ಹೋಗಿತ್ತು. ಈಗ ಆ ವಿಳಾಸ ಒತ್ತಿದರೆ ಯಾರದೋ ಸೋಫಾ ಅಂಗಡಿ ತೆರೆದುಕೊಳ್ಳುತ್ತದೆ.

ಈ ಬಾರಿ ಮೂವರು ಸೇರಿ ಮತ್ತೆ ಶುರುಮಾಡುತ್ತಿದ್ದಾರೆ. ಒಂದು ಸಾಲು ಬರೆಯುವ ಮೊದಲೇ ಪಾಲುದಾರಿಕೆ ಪತ್ರಕ್ಕೆ ಸ್ಟಾಂಪ್ ಪೇಪರ್ ತಂದಿದ್ದಾರೆ, ಯಾರು ಬಿಟ್ಟು ಹೋದರೆ ಪಾಲು ಯಾರಿಗೆ ಎಂಬ ಷರತ್ತು ಮೂರನೆಯ ಪುಟದಲ್ಲಿದೆ. ತಾಣಕ್ಕೆ ಏನು ಹೆಸರಿಡಬೇಕು ಎಂಬ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ.