ಕ್ರಿಪ್ಟೋಸ್‌ಗೆ ರಾಮನಗರದಲ್ಲೊಂದು ಸಂಜೆ ಬೇಕು

ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' ತೆರೆಕಂಡದ್ದು 1975ರಲ್ಲಿ. ಅದೇ ವರ್ಷದ ಕೊನೆಗೆ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಎಂಬ ಬಾಸ್ ಗಿಟಾರ್ ವಾದಕ ಐರನ್ ಮೇಡನ್ ಹೆವಿ ಮೆಟಲ್ ತಂಡ ಕಟ್ಟಿದರು. ಐರನ್ ಮೇಡನ್ ಇನ್ನೂ ದಣಿದಿಲ್ಲ. 2021ರ 'ಸೆಂಜುಟ್ಸು' ಅದರ 17ನೇ ಆಲ್ಬಂ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡ ಹಾಡಿದಾಗ ಹೆವಿ ಮೆಟಲ್‌ಗೆ ಈ ನೆಲದಲ್ಲೂ ಒಂದು ಬಳಗ ಇದೆಯೆಂದು ಹೊರಗಿನವರಿಗೂ ಗೊತ್ತಾಯಿತು.

ಆ ಬಳಗ ಆಗಲೇ ತನ್ನದೇ ತಂಡವನ್ನೂ ಬೆಳೆಸಿತ್ತು. ಬೆಂಗಳೂರಿನ ಕ್ರಿಪ್ಟೋಸ್ ಹುಟ್ಟಿದ್ದು 1998ರಲ್ಲಿ. ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಬಂದದ್ದು 2004ರಲ್ಲಿ, ಏಳನೆಯದಾದ 'ಡೆಸಿಮೇಟರ್' 2024ರಲ್ಲಿ. ಜರ್ಮನಿಯ ಎಎಫ್ಎಂ ಕಂಪನಿ ಇವರ ಆಲ್ಬಂಗಳನ್ನು ಹೊರತರುತ್ತಿದೆ. ಕನ್ನಡ ಪತ್ರಿಕೆಗಳಲ್ಲಿ ಮಾತ್ರ ಈ ಹೆಸರು ಅಪರೂಪ. ಇದು ಸರಿಯಲ್ಲ.

ಮೆಟಲ್ ಎಂದರೆ ಬರೀ ಕಿರುಚಾಟ ಎನ್ನುವವರು ಕ್ರಿಪ್ಟೋಸ್ ತಂಡದ 2019ರ ಆಲ್ಬಂ 'ಆಫ್ಟರ್‌ಬರ್ನರ್' ಅನ್ನು ಒಮ್ಮೆ ಕೂತು ಕೇಳಲಿ. ಗಿಟಾರ್ ವಾದಕನ ಬಲ ಅಂಗೈಯ ಅಂಚು ತಂತಿಗಳ ಬುಡಕ್ಕೆ ಒತ್ತಿಕೊಂಡಿರುತ್ತದೆ. ಹಾಗಾಗಿ ನಾದ ಹರಡದೆ ತುಂಡುತುಂಡಾಗಿ ತಾಳದ ಮೇಲೇ ಬೀಳುತ್ತದೆ. ಕೈ ಸಡಿಲಿದ ಕೂಡಲೇ ಎರಡನೇ ಗಿಟಾರ್ ಜೊತೆಗೂಡುತ್ತದೆ. ಒಂದೇ ವರಸೆಯನ್ನು ಇಬ್ಬರೂ ಬೇರೆ ಬೇರೆ ಸ್ವರದಿಂದ ಎತ್ತಿಕೊಂಡು ಸಮಾನಾಂತರವಾಗಿ ಸಾಗುತ್ತಾರೆ. ಆ ಇಂಪಿನ ಮೇಲೆ ಗಾಯಕ ನೋಲನ್ ಲೂಯಿಸ್ ಅವರ ಒರಟು ಕಂಠ. ಎಂಬತ್ತರ ದಶಕದ ಈ ಶೈಲಿಯನ್ನು ಇವರು ವರ್ಷಗಟ್ಟಲೆ ತಿದ್ದಿ ತೀಡಿ ತಮ್ಮದಾಗಿಸಿಕೊಂಡಿದ್ದಾರೆ.

ಹಾಡಿದ್ದೇ ಹಾಡುವ ಕಿಸಬಾಯಿ ದಾಸರು ಎಂಬ ದೂರು ಹಳೆಯ ಮೆಟಲ್ ತಂಡಗಳ ಮೇಲೆ ಇದ್ದೇ ಇದೆ. ಆದರೆ ಒಂದೇ ಪದವನ್ನು ಜೀವಮಾನವಿಡೀ ಹಾಡುವ ತಂಬೂರಿಯವರನ್ನು ನಾವು ಹೀಗೆ ಜರಿಯುವುದಿಲ್ಲ, ಕರೆದು ಸನ್ಮಾನಿಸುತ್ತೇವೆ. ಸನ್ಮಾನಿಸಲೇಬೇಕು. ಅದೇ ನಿಷ್ಠೆ ಜೀನ್ಸ್ ತೊಟ್ಟು ಬಂದರೆ ಅಳತೆಗೋಲು ಏಕೆ ಬದಲಾಗಬೇಕು?

2013ರಲ್ಲಿ ಕ್ರಿಪ್ಟೋಸ್ ವಾಕನ್ ಮೆಟಲ್ ಉತ್ಸವದ ವೇದಿಕೆ ಏರಿತು. ಉತ್ತರ ಜರ್ಮನಿಯ ವಾಕನ್ ನಗರವೇನಲ್ಲ, ಎರಡು ಸಾವಿರದ ಆಸುಪಾಸು ಜನರಿರುವ ಕೃಷಿಕರ ಹಳ್ಳಿ. 1990ರಲ್ಲಿ ಅಲ್ಲಿಯ ಮೊದಲ ಉತ್ಸವಕ್ಕೆ ಬಂದವರು ಸುಮಾರು 800 ಮಂದಿ. ಈಗ ಪ್ರತಿ ಬೇಸಿಗೆಯಲ್ಲಿ 80 ಸಾವಿರಕ್ಕೂ ಹೆಚ್ಚು ಜನ ಹೊಲಗಳಲ್ಲಿ ಡೇರೆ ಹಾಕುತ್ತಾರೆ. ವಾಕನ್ ಮುಟ್ಟಿದ ತಂಡಕ್ಕೆ ಕನಕಪುರ, ಮಾಗಡಿ, ಚನ್ನಪಟ್ಟಣ ದೂರವೇನಲ್ಲ.

ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ, ಅಲ್ಲಿ ಬಯಲು ರಂಗಮಂದಿರವೂ ಇದೆ. ರಣಹದ್ದುಗಳ ಧಾಮವಾದ ರಾಮದೇವರ ಬೆಟ್ಟದ ಹತ್ತಿರ ಇಂಥ ಸದ್ದು ಬೇಡವೇ ಬೇಡ. ಕಾರ್ಯಕ್ರಮ ಊರಿನ ಅಂಗಳದಲ್ಲಿ ಆಗಲಿ. ತಮಟೆ, ಡೊಳ್ಳಿನವರೂ ಅದೇ ವೇದಿಕೆಗೆ ಬರಲಿ, ಗಿಟಾರ್ ಕಲಿಯುತ್ತಿರುವ ಜಿಲ್ಲೆಯ ಹುಡುಗ ಹುಡುಗಿಯರು ಮುಂದಿನ ಸಾಲಿನಲ್ಲಿ ಕೂರಲಿ. ಜಿಲ್ಲಾಡಳಿತ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮನಸ್ಸು ಮಾಡಿ ಕ್ರಿಪ್ಟೋಸ್ ತಂಡವನ್ನು ಕರೆಸಬೇಕು.